ಚಂದದ ಮರಿ ಮಾರಿ, ಉಳಿದದ್ದನ್ನೇ ಬೀಜದ ಟಗರು ಮಾಡಬೇಡಿ

ಅಲ್ಪಾಕಾ ವಿಡಿಯೋಗಳು ಈಗ ಎಲ್ಲರ ಫೋನಿಗೂ ಬರುತ್ತಿವೆ. ಉದ್ದ ಕುತ್ತಿಗೆ, ಮೈತುಂಬ ಉಣ್ಣೆ, ಮಕ್ಕಳ ಕೈಯಿಂದಲೇ ಮೇವು ತಿನ್ನುವ ಸಾಧು ಪ್ರಾಣಿ. ನಾನು ಕುರಿ ಸಾಕುವುದು ಗೊತ್ತಿರುವ ಹುಡುಗರು ಅದನ್ನೇ ಕಳಿಸಿ, "ಅಣ್ಣಾ, ಇದು ನಮ್ ಕಡಿ ಆಗಂಗಿಲ್ಲೇನು?" ಅಂತ ಕೇಳುತ್ತಾರೆ.

ಆಗೋದಿಲ್ಲ. ಅದು ಪೆರು, ಬೊಲಿವಿಯಾ ಕಡೆಯ ಆಂಡಿಸ್ ಬೆಟ್ಟಗಳ ಚಳಿಯಲ್ಲಿ ಬೆಳೆದ ಪ್ರಾಣಿ. ಚಿತ್ತಾಪುರದ ಮೇ ತಿಂಗಳ ಬಿಸಿಲಲ್ಲಿ ಆ ಉಣ್ಣೆ ಹೊತ್ತು ನಿಲ್ಲುವುದು ಅದಕ್ಕೆ ಹಿಂಸೆ. ಮತ್ತೆ ಅದು ಹನ್ನೊಂದೂವರೆ ತಿಂಗಳು ಗಬ್ಬ ಇದ್ದು ಹಾಕೋದು ಒಂದೇ ಮರಿ. ನಮ್ಮ ಕುರಿ ಸುಮಾರು 150 ದಿನಕ್ಕೇ ಈಯುತ್ತದೆ.

ಆದರೆ ಅಲ್ಪಾಕಾ ಸಾಕುವವರಿಂದ ಒಂದು ವಿಷಯ ಮಾತ್ರ ಕಲಿಯಬೇಕು. ಅವರು ಗಂಡನ್ನು ಸುಮ್ನೆ ಹಿಂಡಿಗೆ ಬಿಡೋದಿಲ್ಲ. ಅದರ ಉಣ್ಣೆ, ಹಲ್ಲು, ಕಾಲು, ಅಪ್ಪ ಅಮ್ಮ ಯಾರು ಅನ್ನೋದೆಲ್ಲ ನೋಡಿಯೇ ಬಿಡೋದು. ಹೆಣ್ಣು ಗಬ್ಬ ಕಟ್ಟಿದೆಯೋ ಇಲ್ಲವೋ ತಿಳಿಯಲು ಗಂಡನ್ನು ಮತ್ತೆ ಹತ್ತಿರ ತರುತ್ತಾರೆ. ಗಬ್ಬ ಇದ್ದರೆ ಅದು ಗಂಡಿನ ಮೇಲೆ ಉಗುಳಿ ದೂರ ಹೋಗುತ್ತದಂತೆ. ಎಷ್ಟು ಸುಲಭದ ಪರೀಕ್ಷೆ ನೋಡಿ.

ನಮ್ಮಲ್ಲಿ ನಡೆಯೋದು ಉಲ್ಟಾ. ವ್ಯಾಪಾರಿ ದೊಡ್ಡಿಗೆ ಬಂದು ನಿಂತ ಕೂಡಲೇ ಅವನ ಕಣ್ಣು ಬೀಳೋದು ಎಲ್ಲಕ್ಕಿಂತ ದಪ್ಪ ಬೆಳೆದ ಗಂಡುಮರಿ ಮೇಲೆ. ಒಳ್ಳೆ ರೇಟು ಸಿಗುತ್ತದೆ, ನಾವೂ ಕೊಟ್ಟುಬಿಡುತ್ತೇವೆ. ಕೊನೆಗೆ ಯಾರೂ ಕೇಳದ ಸಣಕಲು ಮರಿ ಹಿಂಡಿನಲ್ಲಿ ಉಳಿದು, ಅದೇ ಟಗರಾಗಿ, ಎಲ್ಲ ಕುರಿಗಳಿಗೂ ಅದೇ ಹಾರುತ್ತದೆ. ಹೀಗೆ ನಾಲ್ಕೈದು ವರ್ಷ ನಡೆದರೆ ಮರಿಗಳು ಸಣ್ಣವಾಗುತ್ತಾ ಹೋಗುತ್ತವೆ. ಆಮೇಲೆ ಕುರಿ ಜಾತಿಯೇ ಸರಿ ಇಲ್ಲ ಅಂತ ಬೈಯೋದು. ನನಗೆ ಇದರಷ್ಟು ಸಂಕಟ ಬೇರೆ ಯಾವುದೂ ಕೊಡೋದಿಲ್ಲ. ನಮ್ಮೂರಿನ ಮುತ್ಯಾ ಒಬ್ಬರು, ಆಯುಷ್ಯವೆಲ್ಲ ಕುರಿ ಹಿಂದೆ ತಿರುಗಿದವರು, ಹೇಳುತ್ತಿದ್ದರು: "ತಮ್ಮಾ, ಕುರಿ ಒಂದು ಕೆಟ್ರ ಒಂದು ಮರಿ ಕೆಡ್ತದ, ಟಗರು ಕೆಟ್ರ ಇಡೀ ಹಿಂಡೇ ಕೆಡ್ತದ." ಒಂದು ಟಗರು ಇಪ್ಪತ್ತೈದು ಮೂವತ್ತು ಕುರಿಗೆ ಸಾಕು. ಅಂದ ಮೇಲೆ ಆ ಒಂದನ್ನು ಆರಿಸೋದಕ್ಕೆ ಎಷ್ಟು ಯೋಚಿಸಬೇಕು ಅಲ್ವಾ?

ನಾನು ಸಾಕೋದು ಡೆಕ್ಕನಿ, ಅಂದರೆ ನಮ್ಮ ಕರಿ ಉಣ್ಣೆ ಕುರಿ. ಮಹಾರಾಷ್ಟ್ರ, ತೆಲಂಗಾಣ, ನಮ್ಮ ಬೀದರ್ ಕಲಬುರಗಿ ಕಡೆಗೆಲ್ಲ ಹಿಂದಿನಿಂದ ಇರುವ ತಳಿ. ದೂರ ನಡೆಯುತ್ತದೆ, ಒಣ ಮೇವಿನಲ್ಲೇ ಬದುಕುತ್ತದೆ. ಉಣ್ಣೆ ಒರಟು, ಅಲ್ಪಾಕಾದಷ್ಟು ನುಣುಪಿಲ್ಲ, ಖರೆ. ಆದರೆ ಕಂಬಳಿಗೆ ಇದೇ ಬೇಕು. ಹುಣಸೆ ಬೀಜದ ಗಂಜಿ ಹಚ್ಚಿ ಗುಂಡಿ ಮಗ್ಗದ ಮೇಲೆ ನೇಯ್ದ ಕಂಬಳಿ ಹೊದ್ದು ಮಳೆಯಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಬೇಕು. ಈಗ ಉಣ್ಣೆಯ ದುಡ್ಡು ಕತ್ತರಿಸುವ ಕೂಲಿಗೂ ಸಾಲೋದಿಲ್ಲ, ಅದಕ್ಕೇ ಜನ ಉಣ್ಣೆ ಇಲ್ಲದ ಎತ್ತರದ ಟಗರು ತಂದು ಬಿಡುತ್ತಿದ್ದಾರೆ. ಮರಿ ದೊಡ್ಡದಾಗುತ್ತದೆ ನಿಜ. ಆದರೆ ಎರಡು ಮೂರು ಪೀಳಿಗೆ ಕಳೆದರೆ ಹಿಂಡಿನಲ್ಲಿ ಕರಿ ಉಣ್ಣೆ ಹುಡುಕಿದರೂ ಸಿಗೋದಿಲ್ಲ. ಹೋದ ಮೇಲೆ ಅದನ್ನು ಎಲ್ಲಿಂದ ತರೋದು?

ಅವಳಿ ಬೇಕು ಅನ್ನುವವರಿಗೆ ಡೆಕ್ಕನಿ ರಕ್ತದಲ್ಲೇ ಒಂದು ದಾರಿ ಇದೆ. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಗರೋಲ್ ಕುರಿಯಲ್ಲಿರುವ ಅವಳಿ ಮರಿಯ ಜೀನನ್ನು ಡೆಕ್ಕನಿಗೆ ಸೇರಿಸಿ ನಾರಿ ಸುವರ್ಣ ಅನ್ನೋ ತಳಿ ಮಾಡಿದ್ದಾರೆ. ಒಳ್ಳೆಯದೇ, ಆದರೆ ಎರಡು ಮರಿಗೆ ಸಾಕಾಗುವಷ್ಟು ತಾಯಿಗೆ ಹಾಲಿರಬೇಕು. ಹಾಲು ಬರೋದು ಮೇವಿನಿಂದ. ಮೇವಿಲ್ಲದವರು ಅವಳಿ ಮರಿಗೆ ಆಸೆ ಪಡಬಾರದು.

ನಮ್ಮಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಟಗರು ಬಿಡುತ್ತೇವೆ. ಅದಕ್ಕೆ ಎರಡು ಮೂರು ವಾರ ಮುಂಚೆಯೇ ಕುರಿಗಳಿಗೆ ಒಂದಿಷ್ಟು ಜೋಳದ ನುಚ್ಚು ಜಾಸ್ತಿ ಹಾಕಿದರೆ ಬೇಗ ಬೆದೆಗೆ ಬರುತ್ತವೆ. ಟಗರಿನ ಎದೆಗೆ ಕೆಮ್ಮಣ್ಣು ಎಣ್ಣೆಯಲ್ಲಿ ಕಲಸಿ ಹಚ್ಚುತ್ತೇನೆ. ಬೆಳಗ್ಗೆ ಯಾವ ಕುರಿಯ ಹಿಂಭಾಗ ಕೆಂಪಾಗಿದೆ ನೋಡಿ ವಹಿಯಲ್ಲಿ ಬರೆದಿಡೋದು. ಕರಿ ಕುರಿ ಮೇಲೆ ಕೆಂಪು ಅಷ್ಟು ಸುಲಭಕ್ಕೆ ಕಾಣೋದಿಲ್ಲ, ಬಿಸಿಲಿಗೆ ನಿಲ್ಲಿಸಿ ಕೈಯಿಂದ ಉಣ್ಣೆ ಬಿಡಿಸಿ ನೋಡಬೇಕು, ಬೆರಳಿಗೆ ಹತ್ತುತ್ತದೆ. ಗಬ್ಬ ಕಟ್ಟದಿದ್ದರೆ ಹದಿನೇಳು ದಿನಕ್ಕೆ ಮತ್ತೆ ಬೆದೆ. ಆಗ ಬಣ್ಣ ಬದಲಿಸಿ ಸುಣ್ಣ ಹಚ್ಚುತ್ತೇನೆ. ಬಿಳಿ ಬಿದ್ದರೆ ಮೊದಲ ಸಲ ಕಟ್ಟಿಲ್ಲ ಅಂತ ಲೆಕ್ಕ. ತುಂಬಾ ಕುರಿಗಳ ಮೇಲೆ ಬಿಳಿ ಬಿದ್ದರೆ ತಪ್ಪು ಟಗರಿನದೇ ಇರಬಹುದು, ಅದನ್ನು ಡಾಕ್ಟರಿಗೆ ತೋರಿಸಬೇಕು.

ಹೀಗೆ ಬರೆದಿಟ್ಟರೆ ಈಯುವ ದಿನವೂ ಹೆಚ್ಚು ಕಡಿಮೆ ಗೊತ್ತಾಗುತ್ತದೆ. ಮಳೆಗಾಲದ ಶುರುವಿಗೆ ಕಟ್ಟಿದ್ದು ದೀಪಾವಳಿ ಆಸುಪಾಸು ಈಯುತ್ತದೆ. ಮರಿ ಮೇಯಲು ಕಲಿಯುವ ಹೊತ್ತಿಗೆ ತೊಗರಿ ರಾಶಿ ಆಗಿರುತ್ತದೆ, ತೊಗರಿ ಹೊಟ್ಟು ಬೇಕಾದಷ್ಟು. ಹೊಲ ಖಾಲಿಯಾದವರು ಗೊಬ್ಬರಕ್ಕೆ ಕುರಿ ನಿಲ್ಲಿಸಿ ಅಂತ ತಾವೇ ಕರೆಯುತ್ತಾರೆ.

ಅಲ್ಪಾಕಾ ಸಾಮಾನ್ಯವಾಗಿ ಹಗಲಲ್ಲೇ ಈಯುತ್ತದೆ. ನಮ್ಮ ಕುರಿಗೆ ಆ ನಿಯಮ ಇಲ್ಲ, ನಡುರಾತ್ರಿ ಬ್ಯಾಟರಿ ಹಿಡಿದು ಏಳಲೇಬೇಕು. ಮರಿ ಬಿದ್ದ ಕೂಡಲೇ ಮೂಗಿನ ಲೋಳೆ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದು ತಾಸಿನೊಳಗೆ ಗಿಣ್ಣುಹಾಲು ಕುಡಿಸಬೇಕು. ಕೆಚ್ಚಲ ತುದಿಯಲ್ಲಿ ಗಟ್ಟಿ ಹಾಲು ಕಟ್ಟಿಕೊಂಡಿರುತ್ತದೆ, ಮೊದಲ ಹನಿ ನೀವೇ ಹಿಂಡಿ ತೆಗೆಯಿರಿ, ಇಲ್ಲಾಂದರೆ ಸಣ್ಣ ಮರಿ ಚೀಪಿ ಚೀಪಿ ಸುಸ್ತಾಗುತ್ತದೆ. ಚೊಚ್ಚಲ ಕುರಿ ಕೆಲವೊಮ್ಮೆ ಮರಿಯನ್ನು ಒದೆಯುತ್ತದೆ. ಎರಡನ್ನೂ ಒಂದು ಮೂಲೆಯಲ್ಲಿ ಕೂಡಿ ಹಾಕಿದರೆ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಒಪ್ಪಿಕೊಳ್ಳುತ್ತದೆ.

ದೊಡ್ಡಿ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಶಹಾಬಾದ್ ಪರ್ಸಿ, ಅಂದರೆ ಚಪ್ಪಡಿ ಕಲ್ಲು, ಸಸ್ತಾ ಸಿಗುತ್ತದೆ ಅಂತ ನೆಲಕ್ಕೆ ಹಾಸಬೇಡಿ, ಉಚ್ಚೆ ಬಿದ್ದರೆ ಜಾರುತ್ತದೆ, ಗಬ್ಬದ ಕುರಿ ಬಿದ್ದರೆ ಕಷ್ಟ. ಗೋಡೆಗೆ ನಿಲ್ಲಿಸಿ. ನೆಲಕ್ಕೆ ಮುರುಮು ಹಾಕಿ ಗಟ್ಟಿ ಮಾಡಿ. ಎರೆಮಣ್ಣಿನ ಕೆಸರಲ್ಲಿ ನಿಂತರೆ ಗೊರಸು ಕೊಳೆಯುತ್ತದೆ.

ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆ ತಪ್ಪಿಸಬೇಡಿ. ಹೊಸ ಹುಲ್ಲು ಹೊಟ್ಟೆತುಂಬ ತಿಂದ ಗಟ್ಟಿಮುಟ್ಟು ಮರಿಯೇ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ನೀಲಿ ನಾಲಗೆ ರೋಗ ಹರಡೋದು ಮಳೆಗಾಲದ ಸಣ್ಣ ನೊಣದಿಂದ, ಸಂಜೆ ದೊಡ್ಡಿ ಸುತ್ತ ಬೇವಿನ ಸೊಪ್ಪಿನ ಹೊಗೆ ಹಾಕಿ, ಲಸಿಕೆಯನ್ನೂ ಹಾಕಿಸಿ. ಪಿಪಿಆರ್, ಅಂದರೆ ಕುರಿ ಮೇಕೆಗಳ ಪ್ಲೇಗ್ ರೋಗದ ಲಸಿಕೆ ಒಮ್ಮೆ ಸರಿಯಾಗಿ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ.

ಇನ್ನು ಟಗರು. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಲ್ಲಾಂದರೆ ತನ್ನ ಮಗಳಿಗೇ ಹಾರುತ್ತದೆ. ಪಕ್ಕದ ಊರಿನವರ ಜೊತೆ ಅದಲು ಬದಲು ಮಾಡಿಕೊಂಡರೆ ಖರ್ಚೂ ಇಲ್ಲ. ಕೊಳ್ಳುವಾಗ ಸಂತೆಯಲ್ಲಿ ಕೊಂಬು ನೋಡಿ ಮರುಳಾಗಬೇಡಿ. ಸಾಕಿದವರ ದೊಡ್ಡಿಗೇ ಹೋಗಿ, ಅದರ ತಾಯಿಗೆ ಹಾಲೆಷ್ಟಿದೆ, ಅದರ ಅಕ್ಕತಂಗಿಯರು ಎಂಥ ಮರಿ ಹಾಕಿವೆ ಅಂತ ಕೇಳಿ. ನನ್ನ ಬಳಿ ಈ ಸಲದ ಕರಿ ಗಂಡುಮರಿಗಳಲ್ಲಿ ಬೀಜಕ್ಕೆ ಅಂತ ಕೆಲವನ್ನು ಮಾರದೆ ಬಿಟ್ಟಿದ್ದೇನೆ. ಬೇಕಾದವರು ಬನ್ನಿ, ವಹಿಯೂ ಇದೆ, ತಾಯಿಕುರಿಗಳೂ ದೊಡ್ಡಿಯಲ್ಲೇ ಇವೆ, ಎರಡನ್ನೂ ನೋಡಿಯೇ ತೆಗೆದುಕೊಂಡು ಹೋಗಿ.