ಇಂಗ್ಲೆಂಡಿನ ಕಾಲುವೆಯಲ್ಲಿ ರಜೆ, ಅದೇ ಕಾಲುವೆಯಲ್ಲಿ ಸಾರಿನ ಪುಡಿ ವ್ಯಾಪಾರ

ಬೇಸಿಗೆಯಲ್ಲಿ ಇಂಗ್ಲೆಂಡಿನ ಮಕ್ಕಳ ಮನೆಗೆ ಬರುವ ಹಿರಿಯರು ಲಂಡನ್, ಎಡಿನ್‌ಬರೋ ನೋಡಿಕೊಂಡು ಊರಿಗೆ ಮರಳುತ್ತಾರೆ. ಈ ನಾಡಿನ ಹಿತ್ತಲುಗಳನ್ನೂ ಹೊಲಗಳನ್ನೂ ಹತ್ತಿರದಿಂದ ನೋಡಬೇಕಾದರೆ ಕಾಲುವೆಯ ದಾರಿ ಹಿಡಿಯಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುವ ಜಲಮಾರ್ಗವೇ ಸುಮಾರು 2,000 ಮೈಲಿ ಇದೆ. ಅದರಲ್ಲಿ ಓಡಾಡುವ ನ್ಯಾರೋಬೋಟ್ ಎಂಬ ಕಿರಿದಾದ ಉದ್ದ ದೋಣಿಯ ಅಗಲ 6 ಅಡಿ 10 ಅಂಗುಲ, ಏಕೆಂದರೆ ಕಿರಿದಾದ ಲಾಕುಗಳ (ನೀರು ತುಂಬಿಸಿ, ಬಸಿದು ದೋಣಿಯನ್ನು ಏರಿಸಿ ಇಳಿಸುವ, ಎರಡು ಕಡೆ ಬಾಗಿಲಿರುವ ತೊಟ್ಟಿಗಳ) ಅಗಲವೇ 7 ಅಡಿ. ವೇಗದ ಮಿತಿ ಗಂಟೆಗೆ 4 ಮೈಲಿ. ರಜೆಗೆ ಬಾಡಿಗೆ ದೋಣಿ ಪಡೆಯಲು ಲೈಸೆನ್ಸ್ ಬೇಕಿಲ್ಲ, ಕೊಡುವವರೇ ಹೊರಡುವ ಮುನ್ನ ನಡೆಸುವುದನ್ನು ಹೇಳಿಕೊಡುತ್ತಾರೆ.

ಮೊದಲ ಸಲಕ್ಕೆ ಇಂಗ್ಲೆಂಡ್-ವೇಲ್ಸ್ ಗಡಿಯ ಲ್ಯಾಂಗೊಲೆನ್ ಕಾಲುವೆಯೇ ಸರಿ. ಚರ್ಕ್‌ನಿಂದ ಲ್ಯಾಂಗೊಲೆನ್‌ವರೆಗೆ ಒಂದೂ ಲಾಕ್ ಇಲ್ಲ, ಎಲ್ಸ್‌ಮಿಯರ್‌ನಿಂದ ಹೊರಟರೂ ಸಿಗುವುದು ಎರಡೇ. ನಡುವೆ ಪಾಂಟ್‌ಕಸಲ್ತೆ ಮೇಲ್ಗಾಲುವೆ, ಅಂದರೆ ಕಾಲುವೆಯನ್ನೇ ನದಿಯ ಮೇಲೆ ದಾಟಿಸುವ ಸೇತುವೆ, ಬರುತ್ತದೆ. ಥಾಮಸ್ ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿದ ಇದು 1805ರಲ್ಲಿ ತೆರೆಯಿತು. ಉದ್ದ 307 ಮೀಟರ್, ಡೀ ನದಿಯಿಂದ ಎತ್ತರ ಸುಮಾರು 38 ಮೀಟರ್. ಕಾಲುದಾರಿಯ ಬದಿಗಷ್ಟೇ ಕಂಬಿಯಿದೆ, ಇನ್ನೊಂದು ಬದಿಯಲ್ಲಿ ಕಬ್ಬಿಣದ ತೊಟ್ಟಿಯ ಅಂಚು ಬಿಟ್ಟರೆ ಬರೀ ಆಕಾಶ. ಮಕ್ಕಳನ್ನು ಅಲ್ಲಿ ದೋಣಿಯ ಒಳಗೇ ಕೂರಿಸಿ. ಟ್ರೆವರ್ ಎಂಬ ಊರು ದಾಟಿದ ಮೇಲೆ ಕೆಲವೆಡೆ ಒಂದೇ ದೋಣಿ ಹಿಡಿಸುವಷ್ಟು ಕಿರಿದು. ಒಬ್ಬರು ಮುಂದೆ ನಡೆದುಹೋಗಿ, ಎದುರಿಂದ ಯಾರೂ ಬರುತ್ತಿಲ್ಲವೆಂದು ನೋಡಿ ಕೈಬೀಸಬೇಕು. ಡೀ ನದಿಯ ನೀರು ಈ ಕಾಲುವೆಗೆ ಹರಿದುಬರುವುದರಿಂದ ಲ್ಯಾಂಗೊಲೆನ್ ಕಡೆಗೆ ಹೋಗುವಾಗ ಎದುರು ಹರಿವು, ಬರುವಾಗ ಬೇಗ.

ಪ್ರಯಾಣದ ಲೆಕ್ಕ ಸುಲಭ: ಮೈಲಿಗಳಿಗೆ ಲಾಕುಗಳ ಸಂಖ್ಯೆ ಕೂಡಿಸಿ 3ರಿಂದ ಭಾಗಿಸಿದರೆ ಗಂಟೆಗಳು ಸಿಗುತ್ತವೆ. 9 ಮೈಲಿ, 6 ಲಾಕ್ ಎಂದರೆ 5 ಗಂಟೆ. ದಿನಕ್ಕೆ ಇದಕ್ಕಿಂತ ಹೆಚ್ಚು ಹಾಕಿಕೊಂಡರೆ ಅದು ರಜೆಯಾಗಿ ಉಳಿಯುವುದಿಲ್ಲ. ದೋಣಿಯ ಉದ್ದಕ್ಕಿಂತ ಕಾಲುವೆಯ ಅಗಲ ಕಡಿಮೆಯಿರುವ ಕಡೆ ದೋಣಿಯನ್ನು ಹಿಂದಕ್ಕೆ ತಿರುಗಿಸಲಾಗದು, ನಕ್ಷೆಯಲ್ಲಿ ಗುರುತಿಸಿರುವ ತಿರುವು ಜಾಗಗಳನ್ನು ಮೊದಲೇ ನೋಡಿಡಿ.

ಲಾಕಿನಲ್ಲಿ ಅವಸರವೇ ದೊಡ್ಡ ಶತ್ರು. ಮೇಲೇರುವಾಗ ಕೆಳಗಿನ ಬಾಗಿಲು, ಕೆಳಗಿನ ಪ್ಯಾಡಲ್ (ನೀರು ಬಿಡುವ ತೂಬಿನ ಹಲಗೆ) ಎರಡೂ ಮುಚ್ಚಿವೆಯೇ ನೋಡಿ, ಮೇಲಿನ ಪ್ಯಾಡಲನ್ನು ಮೊದಲು ಅರ್ಧವಷ್ಟೇ ಎತ್ತಬೇಕು. ಒಮ್ಮೆಲೇ ಎತ್ತಿದರೆ ನೀರಿನ ಸೆಳೆತಕ್ಕೆ ದೋಣಿ ಮುಂದಕ್ಕೆ ನುಗ್ಗುತ್ತದೆ. ಇಳಿಯುವಾಗಿನ ಅಪಾಯ ಬೇರೆ: ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಸಿಲ್ ಎಂಬ ಕಟ್ಟೆಯಿರುತ್ತದೆ, ಗೋಡೆಯ ಮೇಲೆ ಅದರ ಗುರುತು ಬರೆದಿರುತ್ತಾರೆ. ದೋಣಿಯ ಹಿಂಭಾಗ ಆ ಗುರುತಿಗಿಂತ ಮುಂದೆಯೇ ಇರಬೇಕು. ಇಲ್ಲವಾದರೆ ನೀರು ಇಳಿದಂತೆ ಹಿಂಭಾಗ ಕಟ್ಟೆಗೆ ಸಿಕ್ಕಿಕೊಂಡು ಮೂತಿ ಮುಳುಗುತ್ತದೆ. ಹಾಗಾಗುವ ಸೂಚನೆ ಕಂಡ ಕೂಡಲೇ ಕೆಳಗಿನ ಪ್ಯಾಡಲ್ ಮುಚ್ಚಿ, ಆಮೇಲೆ ಮೇಲಿನದನ್ನು ನಿಧಾನವಾಗಿ ತೆರೆದು ನೀರು ತುಂಬಿಸಬೇಕು. ಪ್ಯಾಡಲ್ ಎತ್ತಲು ತಿರುಗಿಸುವ ವಿಂಡ್‌ಲಾಸ್ ಹಿಡಿಯನ್ನು ಕೆಲಸ ಮುಗಿದೊಡನೆ ತೆಗೆದುಬಿಡಿ. ಬಿಟ್ಟರೆ, ಪ್ಯಾಡಲ್ ಜಾರಿದಾಗ ಅದು ಗಿರ್ರನೆ ತಿರುಗಿ ಮುಖಕ್ಕೆ ಹಾರುತ್ತದೆ.

ಎಂಜಿನ್ ಓಡುತ್ತಿದ್ದರೂ ದೋಣಿ ಸಾಗದಿದ್ದರೆ ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ ಚೀಲವೋ ಬಟ್ಟೆಯೋ ಸುತ್ತಿಕೊಂಡಿದೆ ಎಂದರ್ಥ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ಹಿಂದಿನ ವೀಡ್ ಹ್ಯಾಚ್ ಮುಚ್ಚಳ ತೆರೆಯಿರಿ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಇದಕ್ಕೆ ಚೆನ್ನ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕುವುದು ಮರೆತರೆ, ಎಂಜಿನ್ ಹಾಕಿದೊಡನೆ ನೀರು ಒಳನುಗ್ಗಿ ದೋಣಿಯೇ ಮುಳುಗಬಹುದು.

ಇನ್ನು ಸಂಪಾದನೆಯ ಮಾತು. ಈ ಕಾಲುವೆಗಳಲ್ಲಿ ಕಲ್ಲಿದ್ದಲು, ಡೀಸೆಲ್ ಮಾರುವ ದೋಣಿಗಳಿವೆ. ಚೀಸ್, ಹಳೆಯ ಪುಸ್ತಕ, ಕೈಹೆಣಿಗೆ, ದೋಣಿಯ ಬದಿಗೆ ಉಜ್ಜದಂತೆ ಕಟ್ಟುವ ಹಗ್ಗದ ಫೆಂಡರ್ ಮಾರುವವರೂ ಇದ್ದಾರೆ. ತಮ್ಮ ಹವ್ಯಾಸವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಇವರಲ್ಲಿ ಬಹಳ. ನಮ್ಮವರಿಗೆ ಥಟ್ಟನೆ ಹೊಳೆಯುವುದು ತಿಂಡಿ. ಚಕ್ಕುಲಿ, ಕೋಡುಬಳೆ ಬೇಡ ಎಂದೇ ನನ್ನ ಸಲಹೆ: ಪಕ್ಕದಲ್ಲಿ ಒಂದು ದೋಣಿ ಜೋರಾಗಿ ಹೋದರೆ ಸಾಕು, ಕಾದ ಎಣ್ಣೆಯ ಬಾಣಲೆ ಅಲುಗಾಡುತ್ತದೆ. ಸಾರಿನ ಪುಡಿ, ಚಟ್ನಿಪುಡಿ ಹಗುರ, ಬೇಗ ಕೆಡುವುದಿಲ್ಲ, ಕಡಿಮೆ ಜಾಗದಲ್ಲಿ ಕೂರುತ್ತವೆ.

ಅದಕ್ಕೂ ದೋಣಿಯ ವಿದ್ಯುತ್ತನ್ನು ಅಳೆದು ನೋಡಬೇಕು. 750 ವಾಟ್ ಮಿಕ್ಸಿ ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 70 ಆಂಪ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. 1,000 ವಾಟಿನ ಅಗ್ಗದ ಇನ್ವರ್ಟರ್ ಆ ಒಂದು ಕ್ಷಣಕ್ಕೇ ಕೈಕೊಡಬಹುದು; ಮನೆಯ ಕರೆಂಟಿನಂತೆಯೇ ಸಮ ವಿದ್ಯುತ್ ಕೊಡುವ 2,000 ವಾಟಿನ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿಸಿ, ಎಂಜಿನ್ ಓಡುವಾಗಲೇ ರುಬ್ಬಿ. ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟು ಆ ಉದ್ದನೆಯ ಡಬ್ಬಿಯಿಂದ ಬೇಗ ಹೋಗದು, ಹಿಂದಿನ ಮುಂದಿನ ಬಾಗಿಲೆರಡನ್ನೂ ತೆರೆದಿಡಿ. ಹುರಿದದ್ದು ಪೂರ್ತಿ ಆರಿದ ಮೇಲೆ ರುಬ್ಬಿ, ಪುಡಿಯ ಬಿಸಿಯೂ ಆರಿದ ಮೇಲೆ ಪೊಟ್ಟಣ ಕಟ್ಟಬೇಕು. ಇಲ್ಲದಿದ್ದರೆ ಒಳಗೆ ಬೆವೆತು ಗಂಟುಕಟ್ಟುತ್ತದೆ. ಚಳಿಗಾಲದಲ್ಲಿ ಉಕ್ಕಿನ ಗೋಡೆಯೇ ಬೆವರುವುದರಿಂದ ಸರಕನ್ನು ಗೋಡೆಗೆ ತಾಗಿಸಿ ಇಡಬೇಡಿ.

ಪೊಟ್ಟಣದ ಮೇಲೆ ಅಂಟಿಸುವ ಚೀಟಿಯ ವಿಷಯದಲ್ಲಿ ಅಸಡ್ಡೆ ಸಲ್ಲದು. ದೋಣಿಯಲ್ಲೇ ಪೊಟ್ಟಣ ಕಟ್ಟಿ ಅಲ್ಲೇ ಮಾರಿದರೂ, 2021ರ ಅಕ್ಟೋಬರ್‌ನಿಂದ ಪದಾರ್ಥದ ಹೆಸರು, ಒಳಗಿರುವ ಎಲ್ಲ ಸಾಮಗ್ರಿ ಬರೆಯಲೇಬೇಕು. ಅಲರ್ಜಿಯ 14 ವಸ್ತುಗಳಲ್ಲಿ ಯಾವುದಿದ್ದರೂ ಅದು ಎದ್ದು ಕಾಣಬೇಕು. ಸಾಸಿವೆ, ಎಳ್ಳು, ಕಡಲೆಕಾಯಿ ಮೂರೂ ಆ ಪಟ್ಟಿಯಲ್ಲಿವೆ. ನಮ್ಮವರು ಎಡವುವುದು ಇಂಗಿನಲ್ಲಿ: ಡಬ್ಬಿಯ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಗೋಧಿಯೂ ಪಟ್ಟಿಯಲ್ಲಿದೆ. ಆಹಾರದ ವ್ಯಾಪಾರವನ್ನು ಶುರುಮಾಡುವ 28 ದಿನ ಮೊದಲೇ ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು, ಅದಕ್ಕೆ ಹಣ ಕೊಡಬೇಕಿಲ್ಲ. ಜೊತೆಗೆ ಟ್ರಸ್ಟ್‌ನಿಂದ ರೋವಿಂಗ್ ಟ್ರೇಡರ್ (ಸುತ್ತಾಡುತ್ತ ಮಾರುವವರ) ಲೈಸೆನ್ಸ್, ಬೋಟ್ ಸೇಫ್ಟಿ ಪ್ರಮಾಣಪತ್ರ, ವ್ಯಾಪಾರಕ್ಕೆ ಹೊಂದುವ ವಿಮೆ ಬೇಕು. ರಜೆಯ ಬಾಡಿಗೆ ದೋಣಿಯಲ್ಲಿ ಕೂತು ಮಾರುವಂತಿಲ್ಲ.

ವೀಸಾ ಎಲ್ಲಕ್ಕಿಂತ ಮೊದಲು. ಸ್ಟೂಡೆಂಟ್ ವೀಸಾದಲ್ಲಿರುವವರು ಸ್ವಂತ ವ್ಯಾಪಾರ ಮಾಡುವಂತಿಲ್ಲ, ಸ್ಕಿಲ್ಡ್ ವರ್ಕರ್ ವೀಸಾದವರಿಗೂ ಸಾಮಾನ್ಯವಾಗಿ ಇದು ಸಲ್ಲದು. ವಿಸಿಟರ್ ವೀಸಾದಲ್ಲಿ ಬಂದ ಅಮ್ಮ ಮಗಳ ವ್ಯಾಪಾರಕ್ಕೆ ಪುಡಿ ಕುಟ್ಟಿಕೊಡುವುದೂ, ಸಂಬಳ ಪಡೆಯದಿದ್ದರೂ, ಕೆಲಸವೆಂದೇ ಎಣಿಕೆಯಾಗುತ್ತದೆ.

ಲಾಭ ಎಷ್ಟು? ಲೆಕ್ಕಕ್ಕೆ ಹೀಗೆ ಹಿಡಿಯೋಣ: 100 ಗ್ರಾಂ ಪೊಟ್ಟಣಕ್ಕೆ 4 ಪೌಂಡ್, ಸಾಮಾನು ಮತ್ತು ಪೊಟ್ಟಣದ ಖರ್ಚು 90 ಪೆನ್ಸ್, ಶನಿವಾರ 40 ಪೊಟ್ಟಣ ಹೋದವು. ಕೈಗೆ ಉಳಿದದ್ದು 124 ಪೌಂಡ್. ಹುರಿದು, ರುಬ್ಬಿ, ಚೀಟಿ ಅಂಟಿಸಿ, ದೋಣಿ ಸರಿಸಿ, ಮಾರಿ ಮುಗಿಸಲು 10 ಗಂಟೆ ಹಿಡಿದರೆ ಗಂಟೆಗೆ 12 ಪೌಂಡ್ ಚಿಲ್ಲರೆ. ಇದರಲ್ಲೇ ಲೈಸೆನ್ಸ್, ವಿಮೆ, ಡೀಸೆಲ್ ಕಳೆಯಬೇಕು. ಒಂದು ತೆರಿಗೆ ವರ್ಷದ ಒಟ್ಟು ವಹಿವಾಟು 1,000 ಪೌಂಡ್ ದಾಟಿದರೆ ಮುಂದಿನ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟ್‌ಗೆ (ಆದಾಯ ತೆರಿಗೆಯ ಲೆಕ್ಕವನ್ನು ನಾವೇ ಸಲ್ಲಿಸುವ ಪದ್ಧತಿಗೆ) ಹೆಸರು ನೋಂದಾಯಿಸಬೇಕು.

ಕೊಳ್ಳುವವರು ದೋಣಿಯವರಿಗಿಂತ ದಡದಲ್ಲಿ ನಡೆಯುವವರೇ ಹೆಚ್ಚು. ಪಬ್ ಅಥವಾ ಸೇತುವೆ ಹತ್ತಿರ, ಕಾಲುದಾರಿ ಅಗಲವಿರುವ ಕಡೆ ನಿಲ್ಲಿಸಿ. ಸ್ವಂತ ನಿಲುಗಡೆ ಇಲ್ಲದ ದೋಣಿ ಒಂದು ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಹೊಸ ಊರು, ಹೊಸ ಗಿರಾಕಿ ಸಿಗುತ್ತಾರೆ ನಿಜ, ಆದರೆ ಪುಡಿ ರುಚಿಸಿ ಮತ್ತೆ ಬಂದವರಿಗೆ ನೀವು ಸಿಗುವುದಿಲ್ಲ. ಮುಂದಿನ ಊರು, ತಾರೀಖು ಬರೆದ ಚೀಟಿಯನ್ನು ಪ್ರತಿ ಪೊಟ್ಟಣದ ಜೊತೆ ಕೊಡಿ. ತೇಲುವ ಸಂತೆಗೆ ಜಾಗ ಕಾದಿರಿಸುವ ಮುನ್ನ ಟ್ರಸ್ಟ್‌ನ ಸ್ಟಾಪೇಜ್ ನೋಟಿಸ್ ನೋಡಿ. ಚಳಿಗಾಲದಲ್ಲಿ ದುರಸ್ತಿಗೆಂದು ಲಾಕುಗಳನ್ನು ವಾರಗಟ್ಟಲೆ ಮುಚ್ಚುತ್ತಾರೆ, ಆಗ ಸಂತೆ ಒಂದು ಕಡೆ, ಸರಕು ತುಂಬಿದ ದೋಣಿ ಇನ್ನೊಂದು ಕಡೆ ಉಳಿಯುತ್ತದೆ.