ಚಂದ್ರನ ಎರಡು ನಡೆ, ಒಂದೇ ಮುಖ

ಚಂದ್ರ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುವಂತೆ ಕಾಣುವುದು ಭೂಮಿ ತಿರುಗುವುದರಿಂದ. ಅವನ ಸ್ವಂತ ನಡೆ ಇದಕ್ಕೆ ವಿರುದ್ಧ: ಪಶ್ಚಿಮದಿಂದ ಪೂರ್ವಕ್ಕೆ, ಗಂಟೆಗೆ ಸುಮಾರು ಅರ್ಧ ಡಿಗ್ರಿ. ಅಂದರೆ ತನ್ನ ಬಿಂಬದ ಅಗಲದಷ್ಟು. ಇದನ್ನು ಬರಿಗಣ್ಣಲ್ಲೇ ನೋಡಬಹುದು. ಚಂದ್ರನಿಗೆ ಹತ್ತಿರ, ಪೂರ್ವದ ಕಡೆಗಿರುವ ಹೊಳೆಯುವ ನಕ್ಷತ್ರವೊಂದನ್ನು ಗುರುತಿಟ್ಟುಕೊಂಡು ಮೂರು ಗಂಟೆ ಬಿಟ್ಟು ನೋಡಿ, ಅಂತರ ಕುಗ್ಗಿರುತ್ತದೆ. ಮರವನ್ನೋ ಕಟ್ಟಡವನ್ನೋ ಗುರುತು ಮಾಡಿಕೊಂಡರೆ ಪ್ರಯೋಗ ಕೆಡುತ್ತದೆ. ಭೂಮಿಯ ತಿರುಗಾಟವೇ ದೊಡ್ಡದಾಗಿ ಕಂಡು ಈ ಸಣ್ಣ ಚಲನೆ ಮುಚ್ಚಿಹೋಗುತ್ತದೆ.

ಹೀಗೆ ದಿನಕ್ಕೆ ಸುಮಾರು 13 ಡಿಗ್ರಿ ಮುಂದೆ ಹೋಗುವುದರಿಂದಲೇ ಚಂದ್ರೋದಯ ದಿನವೂ ಸರಾಸರಿ 50 ನಿಮಿಷ ತಡವಾಗುತ್ತದೆ. ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತಿಗೆ 27.3 ದಿನ. ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಸರಿದಿರುವುದರಿಂದ ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ ಬೇಕು.

ಒಂದೇ ಮುಖ ಕಾಣುತ್ತದೆ, ಆದ್ದರಿಂದ ಚಂದ್ರ ತಿರುಗುವುದೇ ಇಲ್ಲ ಎನ್ನುವವರು ಬಹಳ. ಕೋಣೆಯ ನಡುವೆ ಕುರ್ಚಿ ಇಟ್ಟು, ಅದನ್ನೇ ನೋಡುತ್ತಾ ಒಂದು ಸುತ್ತು ಹಾಕಿ. ನಿಮ್ಮ ಮುಖ ನಾಲ್ಕೂ ಗೋಡೆಗಳತ್ತ ಒಮ್ಮೊಮ್ಮೆ ತಿರುಗಿರುತ್ತದೆ. ಚಂದ್ರನೂ ಒಂದು ಪರಿಭ್ರಮಣೆಗೆ ಸರಿಯಾಗಿ ಒಂದು ಸಲ ತನ್ನ ಸುತ್ತ ತಿರುಗುತ್ತಾನೆ.

ನನಗೆ ಇದಕ್ಕಿಂತ ಇಷ್ಟವಾಗುವುದು ಅವನ ತೂಗಾಟ, ಅಂದರೆ ನಮಗೆ ಕಾಣುವ ಮುಖ ಸ್ವಲ್ಪ ಅತ್ತಿತ್ತ ಓಲಾಡುವುದು. ತನ್ನ ಸುತ್ತ ತಿರುಗುವ ವೇಗ ಬದಲಾಗುವುದಿಲ್ಲ; ಕಕ್ಷೆ ದೀರ್ಘವೃತ್ತವಾದ್ದರಿಂದ ಭೂಮಿಯನ್ನು ಸುತ್ತುವ ವೇಗ ಮಾತ್ರ ಹೆಚ್ಚು ಕಡಿಮೆಯಾಗುತ್ತದೆ. ಜೊತೆಗೆ ಅಕ್ಷವೂ ಕಕ್ಷೆಗೆ ಓರೆ. ಹಾಗಾಗಿ ಕಾಲಕ್ರಮದಲ್ಲಿ ಮೇಲ್ಮೈಯ ಶೇ. 59ರಷ್ಟು ಭಾಗ ಕಾಣಸಿಗುತ್ತದೆ. ಬೈನಾಕ್ಯುಲರ್‌ ಇದ್ದರೆ ಪಂಚಮಿಯಿಂದ ಹುಣ್ಣಿಮೆಯವರೆಗೆ ಮೇರ್ ಕ್ರಿಸಿಯಂ ಎಂಬ ಕಪ್ಪು ಕಲೆಗೂ ಬಿಂಬದ ಅಂಚಿಗೂ ಇರುವ ದೂರವನ್ನು ಚಿತ್ರ ಬರೆದಿಟ್ಟುಕೊಳ್ಳಿ, ಮುಂದಿನ ತಿಂಗಳುಗಳಲ್ಲಿ ಹೋಲಿಸಿ.