ಎಥೆನಾಲ್ ಹಾಕಿದರೆ ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ?

ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಕಾರುಗಳನ್ನು ನಾನು ಟ್ಯೂನ್ ಮಾಡುವವನು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. "ಇ85 ಹಾಕಿದ್ರೆ ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ?" ಇ85 ಅಂದರೆ ನೂರು ಪಾಲಿನಲ್ಲಿ ಸುಮಾರು 85 ಪಾಲು ಎಥೆನಾಲ್, ಉಳಿದದ್ದು ಪೆಟ್ರೋಲ್. ಕೇಳುವವರಿಗೆ ಬೇಕಿರುವುದು ಒಂದು ಸಂಖ್ಯೆ. ನಾನು ತಿರುಗಿ ಕೇಳುವುದು, "ನಿಮ್ಮ ಇಂಜೆಕ್ಟರ್ ಡ್ಯೂಟಿ ಸೈಕಲ್ ಈಗ ಎಷ್ಟಿದೆ?" ಮಾತು ಅಲ್ಲಿಗೇ ನಿಂತುಬಿಡುತ್ತದೆ. ಜಾರಿಕೊಳ್ಳೋಣ ಅಂತ ಹೀಗೆ ಕೇಳುವುದಲ್ಲ. ಅವರಿಗೆ ಬೇಕಾದ ಸಂಖ್ಯೆ ಅಡಗಿ ಕೂತಿರುವುದೇ ಅಲ್ಲಿ, ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ದುಡಿಯುತ್ತಿದೆ ಅನ್ನುವುದರಲ್ಲಿ.

ಎಥೆನಾಲ್ ಏನೋ ಭಾರೀ ಶಕ್ತಿ ತುಂಬಿರುವ ಇಂಧನ ಅಂತ ಬಹಳ ಜನ ನಂಬಿದ್ದಾರೆ. ನಿಜ ಉಲ್ಟಾ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ, ಒಂದು ಲೀಟರ್ ಎಥೆನಾಲಿನಲ್ಲಿ ಇರುವುದು ಸುಮಾರು 21. ಮೂರರಲ್ಲಿ ಒಂದು ಪಾಲು ಕಡಿಮೆ. ಆದರೆ ಎಥೆನಾಲ್ ಉರಿಯಲು ಗಾಳಿಯೂ ಕಡಿಮೆ ಸಾಕು. ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕು, ಒಂದು ಕೆಜಿ ಎಥೆನಾಲಿಗೆ 9 ಕೆಜಿ. ಹಾಗಾಗಿ ಅಷ್ಟೇ ಗಾಳಿಗೆ ಜಾಸ್ತಿ ಎಥೆನಾಲ್ ಹಾಕಬಹುದು. ಲೆಕ್ಕ ಹಾಕಿ ನೋಡಿ, ಒಂದು ಕೆಜಿ ಗಾಳಿಗೆ ಸಿಗುವ ಶಕ್ತಿ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಎಂಜಿನ್ ಒಳಗೆ ಹೋಗುವ ಗಾಳಿ ಅಷ್ಟೇ ಇದ್ದರೆ, ಬರೀ ಇಂಧನ ಬದಲಿಸಿದ್ದಕ್ಕೆ ಸಿಗುವ ಲಾಭ ಅಷ್ಟಕ್ಕಷ್ಟೇ.

ಮತ್ತೆ ಇಷ್ಟೆಲ್ಲ ಗದ್ದಲ ಯಾಕೆ? ನಾಕಿಂಗ್‌ನಿಂದ.

ಟರ್ಬೊ ಎಂಜಿನ್ ಪೆಟ್ರೋಲಿನಲ್ಲಿ ಓಡುವಾಗ ಅದನ್ನು ಹಿಡಿದು ನಿಲ್ಲಿಸುವುದು ಗಾಳಿಯ ಕೊರತೆ ಅಲ್ಲ. ಟರ್ಬೊ ಇನ್ನೂ ಗಾಳಿ ತುಂಬಲು ರೆಡಿ ಇರುತ್ತದೆ. ಆದರೆ ಒತ್ತಡ, ಬಿಸಿ ಎರಡೂ ಏರಿದಾಗ, ಸ್ಪಾರ್ಕಿನ ಬೆಂಕಿ ತಲುಪುವ ಮೊದಲೇ ಸಿಲಿಂಡರಿನ ಮೂಲೆಯಲ್ಲಿರುವ ಮಿಶ್ರಣ ತಾನೇ ಹೊತ್ತಿಕೊಳ್ಳುತ್ತದೆ. ಅದೇ ನಾಕಿಂಗ್. ಹೊರಗೆ ಟಕಟಕ ಅಂತ ಕೇಳಿಸುತ್ತದೆ, ಒಳಗೆ ಪಿಸ್ಟನ್ ಅಂಚು ಒಡೆಯುತ್ತದೆ. ಅದಕ್ಕೇ ಟ್ಯೂನರ್ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಇಳಿಸುತ್ತಾನೆ, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತಾನೆ, ಅಂದರೆ ಸ್ಪಾರ್ಕ್ ತಡವಾಗಿ ಕೊಡುತ್ತಾನೆ. ಎಂಜಿನ್‌ಗೆ ಆಗುವಷ್ಟು ಕೆಲಸ ಅದರ ಕೈಲಿ ಮಾಡಿಸುವುದೇ ಇಲ್ಲ.

ಎಥೆನಾಲ್ ಇಲ್ಲಿ ಎರಡು ರೀತಿ ಸಹಾಯ ಮಾಡುತ್ತದೆ. ಅದರ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣದ ಅಳತೆ, ಜಾಸ್ತಿ, ಸುಮಾರು 108. ಇನ್ನೊಂದು, ನನ್ನ ಪ್ರಕಾರ ಅದಕ್ಕಿಂತ ದೊಡ್ಡದು, ತಂಪು. ಕೈ ಮೇಲೆ ಸ್ಯಾನಿಟೈಸರ್ ಹಾಕಿಕೊಂಡಾಗ ತಣ್ಣಗಾಗುತ್ತದಲ್ಲ, ಅದೇ ಕೆಲಸ. ಆವಿಯಾಗಲು ಎಥೆನಾಲ್ ಪೆಟ್ರೋಲಿಗಿಂತ ಎರಡೂವರೆ ಪಟ್ಟು ಬಿಸಿ ಹೀರುತ್ತದೆ. ಅದರ ಮೇಲೆ ನಾವು ಹಾಕುವ ಪ್ರಮಾಣವೂ ಜಾಸ್ತಿ. ಎರಡನ್ನೂ ಸೇರಿಸಿದರೆ ಅಷ್ಟೇ ಗಾಳಿಯಿಂದ ಹೀರುವ ಬಿಸಿ ಸುಮಾರು ನಾಲ್ಕು ಪಟ್ಟು. ಸಿಲಿಂಡರಿಗೆ ಹೋಗುವ ಗಾಳಿ ಅಲ್ಲೇ ತಣ್ಣಗಾಗುತ್ತದೆ, ನಾಕಿಂಗ್ ದೂರ ಹೋಗುತ್ತದೆ. ಈಗ ಬೂಸ್ಟ್ ಏರಿಸಬಹುದು, ಟೈಮಿಂಗ್ ಮುಂದಕ್ಕೆ ತಳ್ಳಬಹುದು. ಎಥೆನಾಲ್ ಪವರ್ ಕೊಡುವುದಿಲ್ಲ, ಪವರ್ ತೆಗೆಯಲು ಜಾಗ ಬಿಟ್ಟುಕೊಡುತ್ತದೆ. ಆ ಜಾಗ ಬಳಸಲು ಏನೂ ಮಾಡದೆ ಸುಮ್ನೆ ಟ್ಯಾಂಕಿಗೆ ಸುರಿದರೆ ಚೆಕ್ ಎಂಜಿನ್ ಲೈಟ್ ಮಾತ್ರ ಸಿಗುತ್ತದೆ.

ಕಂಪನಿಗಳೇ ಇದನ್ನು ಮಾಡಿ ತೋರಿಸಿವೆ. 2005ರ ಸಾಬ್ 9-5 ಬಯೋಪವರ್ ನನಗೆ ತುಂಬ ಇಷ್ಟದ ಉದಾಹರಣೆ. ಎರಡು ಲೀಟರ್ ಟರ್ಬೊ ಎಂಜಿನ್. ಪೆಟ್ರೋಲಿನಲ್ಲಿ 150 ಎಚ್‌ಪಿ, ಇ85ನಲ್ಲಿ 180. ಟರ್ಬೊ ಅದೇ, ಎಂಜಿನ್ ಅದೇ. ಆ ಕಡೆ ತುದಿಯಲ್ಲಿ ಕೋನಿಗ್‌ಸೆಗ್ ಜೆಸ್ಕೊ ಅನ್ನುವ ಸೂಪರ್ ಕಾರ್ ಇದೆ. ಪೆಟ್ರೋಲಿನಲ್ಲಿ 1280, ಇ85ನಲ್ಲಿ 1600. ಒಂದರಲ್ಲಿ ಇಪ್ಪತ್ತು ಪರ್ಸೆಂಟ್, ಇನ್ನೊಂದರಲ್ಲಿ ಇಪ್ಪತ್ತೈದು. ಮೂಲ ಟರ್ಬೊ ಇಟ್ಟುಕೊಂಡೇ ಮಾಡಿದ ಕಾರುಗಳಲ್ಲಿ ನಾನು ನೋಡಿರುವುದು ಹತ್ತರಿಂದ ಇಪ್ಪತ್ತು ಪರ್ಸೆಂಟ್. ಟರ್ಬೊ ಇಲ್ಲದ ಕಾರಿಗೆ ಇದನ್ನು ಮಾಡಿಸಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ಬೂಸ್ಟ್ ಏರಿಸಲು ಅಲ್ಲಿ ಬೂಸ್ಟೇ ಇಲ್ಲ.

ಸರಿ, ಡ್ಯೂಟಿ ಸೈಕಲ್ ವಿಷಯಕ್ಕೆ ಬರೋಣ. ಇಂಜೆಕ್ಟರ್ ತನಗೆ ಸಿಗುವ ಸಮಯದಲ್ಲಿ ಎಷ್ಟು ಭಾಗ ತೆರೆದೇ ಇರುತ್ತದೆ ಅನ್ನುವುದೇ ಡ್ಯೂಟಿ ಸೈಕಲ್. ಇ85ಗೆ ಬದಲಾದರೆ ಅಷ್ಟೇ ಗಾಳಿಗೆ ಸುಮಾರು 40 ಪರ್ಸೆಂಟ್ ಜಾಸ್ತಿ ಇಂಧನ ಬೇಕು. ಪೆಟ್ರೋಲಿನಲ್ಲಿ 70 ಇದ್ದದ್ದು 98 ಆಗುತ್ತದೆ. ಅಂದರೆ ಇಂಜೆಕ್ಟರ್ ಮುಚ್ಚಲು ಪುರುಸೊತ್ತೇ ಇಲ್ಲ. ಇನ್ನೂ ಬೂಸ್ಟ್ ಏರಿಸಿಲ್ಲ ನೋಡಿ, ಇದು ಬರೀ ಇಂಧನ ಬದಲಿಸಿದ್ದಕ್ಕೆ. ನಾನು 85 ದಾಟಲು ಬಿಡುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ತೆರೆಯುವ ಮೊದಲೇ ದೊಡ್ಡ ಇಂಜೆಕ್ಟರ್, ದೊಡ್ಡ ಪಂಪ್ ಬೇಕಾಗುತ್ತದೆ.

ಪಂಪ್ ಬದಲಿಸಿದರೂ ಕಥೆ ಮುಗಿಯುವುದಿಲ್ಲ. ಒಮ್ಮೆ ಒಂದು ಕಾರು ಡೈನೊ ಮೇಲೆ, ಅಂದರೆ ಪವರ್ ಅಳೆಯುವ ಯಂತ್ರದ ಮೇಲೆ, ಇತ್ತು. ಹೊಸ ಪಂಪ್, ಹೊಸ ಇಂಜೆಕ್ಟರ್, ಎಲ್ಲ ಸರಿ. ಇಂಧನದ ಮೂಲ ಒತ್ತಡ 3 ಬಾರ್, ಬೂಸ್ಟ್ 1.5 ಬಾರ್. ಇಂಧನದ ಒತ್ತಡ ಬೂಸ್ಟ್ ಜೊತೆ ಏರಿ 4.5ಕ್ಕೆ ಹೋಗಿ ನಿಲ್ಲಬೇಕು. ನಿಂತಿತು ಕೂಡ, 5,800 ಆರ್‌ಪಿಎಂವರೆಗೆ. ಆಮೇಲೆ ಸ್ಕ್ರೀನಿನ ಮೇಲಿನ ಗೆರೆ ಮೆಲ್ಲಗೆ ಬಾಗಿತು. 4.3, 4.0, 3.7. ಲ್ಯಾಂಬ್ಡಾ 0.80 ಇದ್ದದ್ದು 0.93ಕ್ಕೆ ಏರಿತು, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗುತ್ತಿತ್ತು. ನಾನು ಆಕ್ಸಿಲರೇಟರ್ ಬಿಟ್ಟೆ. ಎಂಜಿನ್ ಶಬ್ದದಲ್ಲಿ ಏನೂ ಬದಲಾವಣೆ ಇರಲಿಲ್ಲ, ಪಕ್ಕದಲ್ಲಿ ನಿಂತಿದ್ದ ಮಾಲೀಕರು "ಯಾಕ್ ನಿಲ್ಲಿಸಿದ್ರಿ, ಚೆನ್ನಾಗಿ ಹೋಗ್ತಿತ್ತಲ್ಲ" ಅಂದರು.

ಪಂಪ್ ಕೆಟ್ಟಿದೆ ಅಂದುಕೊಂಡೆವು. ಕೆಟ್ಟಿರಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ ಬ್ಯಾಟರಿ ಹತ್ತಿರ 13.8 ವೋಲ್ಟ್, ಪಂಪಿನ ಹತ್ತಿರ 11.2. ದೊಡ್ಡ ಪಂಪ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಆದರೆ ವೈರು ಹಳೇ ಚಿಕ್ಕ ಪಂಪಿನದ್ದೇ. ಮುಟ್ಟಿದರೆ ಬೆಚ್ಚಗಿತ್ತು. ದಪ್ಪ ವೈರು ಎಳೆದು, ಒಂದು ರಿಲೇ ಹಾಕಿ ಮತ್ತೆ ಓಡಿಸಿದೆವು. ಗೆರೆ ಕೊನೆವರೆಗೂ ನೇರ. ಆವತ್ತಿನಿಂದ ಫ್ಯುಯೆಲ್ ಪ್ರೆಶರ್ ಸೆನ್ಸರ್ ಇಲ್ಲದ ಕಾರನ್ನು ನಾನು ಇ85ಗೆ ಟ್ಯೂನ್ ಮಾಡುವುದಿಲ್ಲ. ಎಷ್ಟು ಬೇಡಿಕೊಂಡರೂ ಅಷ್ಟೇ.

ಲ್ಯಾಂಬ್ಡಾ ಅಂದೆನಲ್ಲ, ಅದರ ಬಗ್ಗೆಯೂ ಗೊಂದಲ ಜಾಸ್ತಿ. ಗಾಳಿ-ಇಂಧನ ಅನುಪಾತ ತೋರಿಸುವ ಮೀಟರ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾವನ್ನು. ಲ್ಯಾಂಬ್ಡಾ 1 ಅಂದರೆ ಗಾಳಿಗೆ ಸರಿಯಾಗಿ ಬೇಕಾದಷ್ಟೇ ಇಂಧನ. ಪೆಟ್ರೋಲಿಗೆ ಸೆಟ್ ಮಾಡಿದ ಮೀಟರ್ ಅದನ್ನು 14.7 ಅಂತ ತೋರಿಸುತ್ತದೆ, ಒಳಗೆ ಉರಿಯುತ್ತಿರುವುದು ಎಥೆನಾಲ್ ಆದರೂ. "ಇ85 ಹಾಕಿದೀನಿ, ಮೀಟರ್ 9.8 ತೋರಿಸ್ತಿಲ್ಲ" ಅಂತ ಗಾಬರಿಯಾಗಿ ಫೋನ್ ಮಾಡಿದವರಿದ್ದಾರೆ. ಅನುಪಾತ ಮರೆತುಬಿಡಿ, ಮೀಟರನ್ನು ಲ್ಯಾಂಬ್ಡಾಗೆ ಬದಲಿಸಿಕೊಳ್ಳಿ.

ಈಗ ಟೈಮಿಂಗ್. ನನ್ನ ಮಟ್ಟಿಗೆ ನಿಜವಾದ ಅಪಾಯ ಇರುವುದು ಇಲ್ಲಿ.

ಪೆಟ್ರೋಲಿನಲ್ಲಿ ನಾಕಿಂಗ್ ನಮಗೆ ಶತ್ರುವೂ ಹೌದು, ಮನೆ ನಾಯಿಯೂ ಹೌದು. ಮಿತಿ ದಾಟಿದ ತಕ್ಷಣ ಬೊಗಳುತ್ತದೆ. ಎಥೆನಾಲಿನಲ್ಲಿ ನಾಯಿ ಮಲಗಿರುತ್ತದೆ. ಟೈಮಿಂಗ್ ತಳ್ಳುತ್ತಾ ಹೋಗಿ, ಏನೂ ಸದ್ದಿಲ್ಲ. ಆದರೆ ಯಾವ ಎಂಜಿನ್‌ಗಾದರೂ ಒಂದು ಹಂತ ಇದೆ, ಅದಕ್ಕಿಂತ ಮುಂಚೆ ಸ್ಪಾರ್ಕ್ ಕೊಟ್ಟರೆ ಟಾರ್ಕ್ ಏರುವುದಿಲ್ಲ, ಪಿಸ್ಟನ್ ಮೇಲೆ ಬೀಳುವ ಒತ್ತಡ ಮಾತ್ರ ಏರುತ್ತದೆ. ಅದನ್ನು ಹುಡುಕಲು ಡೈನೊ ಬಿಟ್ಟು ಬೇರೆ ದಾರಿ ನನಗೆ ಗೊತ್ತಿಲ್ಲ. ಎರಡು ಡಿಗ್ರಿ ಕೊಡುತ್ತೇನೆ, 12 ನ್ಯೂಟನ್ ಮೀಟರ್ ಬರುತ್ತದೆ. ಇನ್ನೆರಡು ಕೊಡುತ್ತೇನೆ, 3 ಬರುತ್ತದೆ. ಇನ್ನೆರಡು ಕೊಟ್ಟರೆ ಸೊನ್ನೆ. ಅಲ್ಲಿಂದ ನಾಲ್ಕು ಡಿಗ್ರಿ ವಾಪಸ್ ತೆಗೆದು ಸೇವ್ ಮಾಡುತ್ತೇನೆ. ಆ 3 ನ್ಯೂಟನ್ ಮೀಟರ್ ಯಾರಿಗೂ ಬೇಡ.

ಇದನ್ನು ಕಲಿತದ್ದು ನನ್ನದೇ ಕಾರಿನಲ್ಲಿ. ಆಗ ಉತ್ಸಾಹ ಜಾಸ್ತಿ. ನಾಕ್ ಸೆನ್ಸರ್ ಸುಮ್ಮನಿದೆ ಅಂದಮೇಲೆ ಎಲ್ಲ ಸರಿ ಇದೆ ಅಂದುಕೊಂಡೆ. ಮೂರು ಸಾವಿರ ಆರ್‌ಪಿಎಂಗೇ ಪೂರ್ತಿ ಬೂಸ್ಟ್ ಬರುವ ಹಾಗೆ ಮಾಡಿದೆ. ಓಡಿಸಲು ಮಜಾ ಇತ್ತು, ಸುಳ್ಳು ಹೇಳಲ್ಲ. ಕೆಲವು ವಾರದ ನಂತರ ಐಡಲ್‌ನಲ್ಲಿ ಸಣ್ಣಗೆ ಟಿಕ್ ಟಿಕ್ ಶುರುವಾಯಿತು. ಕಂಪ್ರೆಶನ್ ನೋಡಿದರೆ ಮೂರು ಸಿಲಿಂಡರ್ 150 ಪಿಎಸ್‌ಐ, ಒಂದು 120. ಹೆಡ್ ಬಿಚ್ಚಿದೆ. ಒಂದು ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿದವಕ್ಕಿಂತ ಒಂದು ಮಿಲಿಮೀಟರಿನಷ್ಟು ಕೆಳಗೇ ಉಳಿಯುತ್ತಿತ್ತು. ಕನೆಕ್ಟಿಂಗ್ ರಾಡ್ ಬಾಗಿತ್ತು. ಪಿಸ್ಟನ್ ಮೇಲೆ ಒಂದು ಗೀರೂ ಇಲ್ಲ, ನಾಕಿಂಗ್ ಗುರುತೂ ಇಲ್ಲ. ರಾಡ್ ಬಾಗಿಸುವುದು ಎಚ್‌ಪಿ ಅಲ್ಲ, ಕಡಿಮೆ ಆರ್‌ಪಿಎಂನಲ್ಲಿ ಒಮ್ಮೆಲೇ ಬರುವ ಟಾರ್ಕ್. ಈಗ ನಾನು ಮೂಲ ರಾಡ್ ಇರುವ ಎಂಜಿನ್‌ನಲ್ಲಿ ಬೂಸ್ಟನ್ನು ನಿಧಾನಕ್ಕೆ ಏರಿಸುತ್ತೇನೆ. ಕೆಲವು ಗಿರಾಕಿಗಳಿಗೆ ಅದು ಸಪ್ಪೆ ಅನಿಸುತ್ತದೆ, ಅನಿಸಲಿ.

ಟ್ಯಾಂಕಿನಲ್ಲಿ ಇರುವುದು ಏನು ಅನ್ನುವುದು ಇನ್ನೊಂದು ತಲೆನೋವು. ಪಂಪಿನ ಮೇಲೆ ಇ85 ಅಂತ ಬರೆದಿರುವುದನ್ನು ನಂಬಬೇಡಿ. ಅಮೆರಿಕದ ನಿಯಮದಲ್ಲಿ ಆ ಹೆಸರಿನಲ್ಲಿ ಮಾರುವ ಇಂಧನದಲ್ಲಿ ಎಥೆನಾಲ್ 51ರಿಂದ 83 ಪರ್ಸೆಂಟ್‌ವರೆಗೆ ಎಷ್ಟಾದರೂ ಇರಬಹುದು. ಚಳಿಗಾಲದಲ್ಲಿ ಸ್ಟಾರ್ಟ್ ಆಗಲಿ ಅಂತ ಪೆಟ್ರೋಲ್ ಪಾಲು ಜಾಸ್ತಿ ಮಾಡುತ್ತಾರೆ. ಪರೀಕ್ಷೆ ಮಾಡುವುದು ಸುಲಭ. ಗೆರೆ ಇರುವ 100 ಮಿಲಿಲೀಟರಿನ ಗಾಜಿನ ಕೊಳವೆಗೆ 10 ಮಿಲಿ ನೀರು ಹಾಕಿ, ಮೇಲೆ 90 ಮಿಲಿ ಇಂಧನ. ಮುಚ್ಚಿ, ಅಲ್ಲಾಡಿಸಿ, ಐದು ನಿಮಿಷ ನಿಲ್ಲಿಸಿ. ಎಥೆನಾಲ್ ನೀರಿನ ಜೊತೆ ಸೇರಿ ಕೆಳಗೆ ಕೂರುತ್ತದೆ, ಪೆಟ್ರೋಲ್ ಮೇಲೆ ತೇಲುತ್ತದೆ. ನಡುವಿನ ಗೆರೆ 75ರಲ್ಲಿ ನಿಂತರೆ, ಅದರಲ್ಲಿ ನೀರಿನ 10 ಕಳೆಯಿರಿ. 90ರಲ್ಲಿ 65, ಅಂದರೆ ಸುಮಾರು 72 ಪರ್ಸೆಂಟ್.

ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಕೊಳವೆ ಹಿಡಿದು ನಿಲ್ಲಲು ಆಗಲ್ವಲ್ಲ, ಅದಕ್ಕೇ ಫ್ಲೆಕ್ಸ್ ಫ್ಯುಯೆಲ್ ಸೆನ್ಸರ್. ಇಂಧನದ ಪೈಪಿನಲ್ಲಿ ಕೂತು ಎಥೆನಾಲ್ ಪಾಲನ್ನು ಅಳೆಯುತ್ತದೆ. ಸಾಮಾನ್ಯವಾಗಿ ಸಿಗುವ ಸೆನ್ಸರ್ ಶುದ್ಧ ಪೆಟ್ರೋಲಿಗೆ 50 ಹರ್ಟ್ಜ್, ಶುದ್ಧ ಎಥೆನಾಲಿಗೆ 150 ಹರ್ಟ್ಜ್ ಕೊಡುತ್ತದೆ. 50 ಕಳೆದರೆ ಪರ್ಸೆಂಟ್ ಬಂತು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದನ್ನು ನೋಡಿ ಪೆಟ್ರೋಲ್ ಮ್ಯಾಪ್ (ಪೆಟ್ರೋಲಿನ ಸೆಟ್ಟಿಂಗ್), ಎಥೆನಾಲ್ ಮ್ಯಾಪ್ ಎರಡರ ನಡುವೆ ತಾನೇ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ.

ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕಾರುಗಳದ್ದು ಬೇರೆ ಸಂಕಟ. ಅಲ್ಲಿ ಕ್ಯಾಮ್‌ನಿಂದ ತಿರುಗುವ ಹೈ ಪ್ರೆಶರ್ ಪಂಪ್ ಒಂದು ಮಿತಿಗಿಂತ ಜಾಸ್ತಿ ಕೊಡುವುದೇ ಇಲ್ಲ. ಅಂಥವರಿಗೆ ನಾನು 30 ಪರ್ಸೆಂಟ್ ಮಿಶ್ರಣ ಸಾಕು ಅನ್ನುತ್ತೇನೆ. ನಾಕಿಂಗ್ ವಿಷಯದಲ್ಲಿ ಎಥೆನಾಲಿನ ದೊಡ್ಡ ಲಾಭ ಮೊದಲ 30-40 ಪರ್ಸೆಂಟಿನಲ್ಲೇ ಸಿಕ್ಕಿಬಿಡುತ್ತದೆ.

ಉಳಿದ ಕಿರಿಕಿರಿಗಳು ಸಣ್ಣವು. ಒಂದು ಟ್ಯಾಂಕಿಗೆ 400 ಕಿಲೋಮೀಟರ್ ಹೋಗುತ್ತಿದ್ದ ಕಾರು 300 ದಾಟಲು ಏದುಸಿರು ಬಿಡುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಸತಾಯಿಸುತ್ತದೆ. ಬ್ರೆಜಿಲ್‌ನ ಕಾರುಗಳಲ್ಲಿ ಇದಕ್ಕೆಂದೇ ಬಾನೆಟ್ ಕೆಳಗೆ ಪುಟ್ಟ ಪೆಟ್ರೋಲ್ ಟ್ಯಾಂಕ್ ಇರುತ್ತಿತ್ತು. ಬರೀ ಹತ್ತಿರ ಹತ್ತಿರ ಓಡಿಸಿದರೆ ಆಯಿಲ್‌ಗೆ ಎಥೆನಾಲ್ ಇಳಿಯುತ್ತದೆ, ಆಯಿಲ್ ಬೇಗ ಬದಲಿಸಿ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಿದ್ದರೆ ಮೊದಲು ಒಂದು ಟ್ಯಾಂಕ್ ಪೆಟ್ರೋಲ್ ಓಡಿಸಿ ಆಮೇಲೆ ನಿಲ್ಲಿಸಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ.

ಮೊನ್ನೆ ಒಬ್ಬರು ಇದೇ ಪ್ರಶ್ನೆ ಕೇಳಿದರು. ನಾನೂ ಎಂದಿನ ಹಾಗೆ ಡ್ಯೂಟಿ ಸೈಕಲ್ ಕೇಳಿದೆ. ಅವರು ಬೇಜಾರಾಗದೆ, ಮಾರನೇ ದಿನ ಲಾಗ್, ಅಂದರೆ ಕಾರು ಓಡಿದಾಗಿನ ದಾಖಲೆ, ಕಳಿಸಿದರು. ಮೂಲ ಇಂಜೆಕ್ಟರ್, ಯಾರೋ ಹಿಂದೆ ಬೂಸ್ಟ್ ಏರಿಸಿಟ್ಟಿದ್ದಾರೆ. ಮೇಲಿನ ಆರ್‌ಪಿಎಂನಲ್ಲಿ ಡ್ಯೂಟಿ ಸೈಕಲ್ 96.

"ಹಾಗಾದ್ರೆ ಎಥೆನಾಲ್‌ಗೆ ಎಷ್ಟು ಜಾಗ ಇದೆ ಸರ್?" ಅಂದರು.

"ಪೆಟ್ರೋಲಿಗೇ ಇಲ್ಲ ಸರ್" ಅಂದೆ.